ಷಡ್ಡಕನ ಸದ್ದಿಲ್ಲದ ಹೆಲ್ಮೆಟ್ಟು

ಪಕ್ಕದ ಮನೆಯವರ ಹೊಸ ಕಾರು, ನೆಂಟರ ಮಕ್ಕಳ ಮಾರ್ಕು, ಗೆಳೆಯನ ತಲೆಯ ಮೇಲೆ ಇನ್ನೂ ಉಳಿದಿರುವ ಕೂದಲು ಇವನ್ನೆಲ್ಲ ಕಂಡು ಹೊಟ್ಟೆ ಉರಿದುಕೊಳ್ಳುವವರನ್ನು ನೀವು ನೋಡಿರುತ್ತೀರಿ. ಅವರದು ಮರ್ಯಾದಸ್ತರ ಹೊಟ್ಟೆಕಿಚ್ಚು. ನಾನು ಹೊಟ್ಟೆ ಉರಿದುಕೊಂಡದ್ದು ಒಂದು ಹೆಲ್ಮೆಟ್ಟನ್ನು ನೋಡಿ. ಅದೂ ಕರಿಯ ಬಣ್ಣದ, ಒಂದು ಗೆರೆಯ ಚಿತ್ತಾರವೂ ಇಲ್ಲದ, ದೂರದಿಂದ ನೋಡಿದರೆ ಮಸಿ ಹಿಡಿದ ಅನ್ನದ ಚರಿಗೆಯನ್ನು ಬೋರಲು ಹಾಕಿದಂತೆ ಕಾಣುವ ಹೆಲ್ಮೆಟ್ಟು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಿಮ್ಮಲ್ಲಿ ಹೇಳದೆ ಇನ್ಯಾರಲ್ಲಿ ಹೇಳಲಿ?

ಆ ಹೆಲ್ಮೆಟ್ಟಿನ ಒಡೆಯ ಪ್ರಭಾಕರ, ನನ್ನ ಹೆಂಡತಿ ನಾಗವೇಣಿಯ ತಂಗಿ ಜಯಲಕ್ಷ್ಮಿಯ ಗಂಡ. ಎಂದರೆ ನನ್ನ ಷಡ್ಡಕ. ಇಷ್ಟು ಹೇಳಿದ ಮೇಲೆ ಅರ್ಧ ಕತೆ ನಿಮಗೆ ಗೊತ್ತಾಗಿ ಹೋಗಿರಬೇಕು. ಅಣ್ಣತಮ್ಮಂದಿರು ಪಾಲಿನ ದಿನ ಜಗಳವಾಡಿ ಮುಗಿಸುತ್ತಾರೆ. ಷಡ್ಡಕರಿಗೆ ಪಾಲು ಮಾಡಿಕೊಳ್ಳಲು ಏನೂ ಇಲ್ಲವಾದ್ದರಿಂದ ಅವರ ಜಗಳ ಮುಗಿಯುವುದೇ ಇಲ್ಲ. ಒಂದೇ ಮನೆಯ ಇಬ್ಬರು ಅಳಿಯಂದಿರು. ಮಾವನ ಮನೆಯ ಜಗುಲಿಯಲ್ಲಿ ಒಂದೇ ಚಾಪೆಯ ಮೇಲೆ ಕೂತು, ಯಾರ ಲೋಟಕ್ಕೆ ಕಾಫಿ ಮೊದಲು ಬಂತು ಎಂದು ಓರೆಗಣ್ಣಿನಲ್ಲಿ ನೋಡುತ್ತಾ ಜೀವನ ಸವೆಸುತ್ತಾರೆ. ನನಗೆ ಕೊಪ್ಪದಲ್ಲಿ ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ. ಅವನಿಗೆ ನರಸಿಂಹರಾಜಪುರದಲ್ಲಿ ಬ್ಯಾಟರಿ ಅಂಗಡಿ. ನಾನು ಗಾಜು ಕೊಯ್ಯುತ್ತಾ ಗಿರಾಕಿಗಳಿಗೆ ಕತೆ ಹೇಳುತ್ತೇನೆ, ಅವನು ಕತೆ ಹೇಳದೆ ವ್ಯಾಪಾರ ಮಾಡುತ್ತಾನೆ. ಯಾರ ಅಂಗಡಿ ಚೆನ್ನಾಗಿ ನಡೆಯುತ್ತದೆ ಎಂದು ನೀವು ಕೇಳುವುದು ಬೇಡ.

ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಬೈಕಿನಲ್ಲಿ ನಮ್ಮ ಮನೆಗೆ ಬಂದರು. ಅಷ್ಟು ದೂರದಿಂದ ಬಂದವರ ಮುಖ ಹೇಗಿರಬೇಕು? ಕಿವಿ ಗುಂಯ್ ಎನ್ನುತ್ತಾ, ಎದುರಿಗಿದ್ದವರ ಹತ್ತಿರವೂ ಹೊಳೆಯಾಚೆ ಇರುವವರನ್ನು ಕರೆಯುವಂತೆ ಕೂಗುತ್ತಾ ಬರಬೇಕು. ಪ್ರಭಾಕರ ಹೆಲ್ಮೆಟ್ಟು ತೆಗೆದು, ದೇವರ ಕೋಣೆಯಿಂದ ಹೊರಬಂದವನಂತೆ ಮೆಲ್ಲಗೆ ಹೇಳಿದ:

"ಇವ್ಳು ಒಂದು ಕತೆ ಹೇಳ್ತಾ ಬಂದ್ಲು ಭಾವ. ನಿಮ್ಮ ಗೇಟು ಬಂದದ್ದೇ ತಿಳೀಲಿಲ್ಲ."

"ಗಾಡಿ ಮೇಲಾ? ಮಾತು ಕೇಳ್ತದಾ?" ಎಂದಳು ನನ್ನ ಹೆಂಡತಿ.

"ಎಲ್ಲಾ ಕೇಳ್ತದೆ ಅಕ್ಕ," ಎಂದಳು ಜಯಲಕ್ಷ್ಮಿ. "ಇವರು ಹೊಸ ಹೆಲ್ಮೆಟ್ ತಗೊಂಡಿದಾರಲ್ಲ, ಗಾಳಿ ಸದ್ದೇ ಇಲ್ಲ. ಈಗ ನಾವು ಜಗಳ ಮಾಡೋದೂ ಗಾಡಿ ಮೇಲೇ."

ನಾಗವೇಣಿ ಆ ಹೆಲ್ಮೆಟ್ಟನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮದುವೆಯಾಗಿ ಹದಿನೆಂಟು ವರ್ಷವಾದವರಿಗೆ ಅಂಥ ನೋಟಕ್ಕೆ ಅರ್ಥ ಹೇಳಿಕೊಡಬೇಕಾಗಿಲ್ಲ.

ನನ್ನ ಹಳೆಯ ಹೆಲ್ಮೆಟ್ಟಿನ ಕತೆ ಹೇಳಬೇಕು. ಬೈಕು ನಲವತ್ತು ದಾಟಿತೆಂದರೆ ಅದರೊಳಗೆ ಮೊದಲು ಒಂದು ಸಿಳ್ಳೆ ಹುಟ್ಟುತ್ತಿತ್ತು. ಐವತ್ತಕ್ಕೆ ಯಾರೋ ತಗಡಿನ ಮೇಲೆ ಮರಳು ಸುರಿದಂತಾಗುತ್ತಿತ್ತು. ಅರವತ್ತಕ್ಕೆ ಗಿರಣಿಯೇ ತಲೆಯೊಳಗೆ ಬಂದು ಕೂರುತ್ತಿತ್ತು. ಹಿಂದೆ ಕೂತ ನಾಗವೇಣಿ ಏನೋ ಹೇಳುತ್ತಿದ್ದಾಳೆ ಎಂಬುದು ನನಗೆ ಬೆನ್ನಿನಿಂದ ಗೊತ್ತಾಗುತ್ತಿತ್ತೇ ಹೊರತು ಕಿವಿಯಿಂದಲ್ಲ. ಅವಳ ಗಲ್ಲ ನನ್ನ ಹೆಗಲಿಗೆ ಎರಡು ಸಲ ತಾಗಿದರೆ ಒಂದು "ಹೂಂ", ನಾಲ್ಕು ಸಲ ತಾಗಿದರೆ "ಹೌದೌದು" ಎನ್ನುವುದು ನಾನು ಮಾಡಿಕೊಂಡ ಲೆಕ್ಕ. ಹೀಗೆ ಹೌದೌದು ಎಂದು ಎಷ್ಟು ಸಂಗತಿಗಳಿಗೆ ಒಪ್ಪಿಗೆ ಕೊಟ್ಟಿದ್ದೇನೋ, ಆಮೇಲೆ ಮನೆಯಲ್ಲಿ ಎಷ್ಟು ಸಲ "ಅವತ್ತು ಹೌದು ಅಂದ್ರಲ್ಲ" ಎಂಬ ಮಾತಿಗೆ ಗುರಿಯಾಗಿದ್ದೇನೋ. ನಮ್ಮ ಅಡುಗೆಮನೆಗೆ ತಿಳಿಹಸಿರು ಬಣ್ಣ ಬಂದದ್ದು ಹರಿಹರಪುರದ ಹತ್ತಿರ ನಾನು ಅಂದ ಒಂದು ಹೌದೌದಿನಿಂದ.

ಹೊಟ್ಟೆಕಿಚ್ಚಿನ ವಿಚಾರದಲ್ಲಿ ನನಗೆ ಮೊದಲ ಪಾಠ ಹೇಳಿದವಳು ನನ್ನ ಅಜ್ಜಿ. "ಒಲೆ ಕಿಚ್ಚಿನಲ್ಲಾದ್ರೆ ಅನ್ನ ಬೇಯ್ತದೆ ಮಗಾ, ಹೊಟ್ಟೆ ಕಿಚ್ಚಿನಲ್ಲಿ ಬೇಯೋದು ಅದನ್ನ ಹೊತ್ತವ ಮಾತ್ರ," ಎನ್ನುತ್ತಿದ್ದಳು. ಇಷ್ಟು ತಿಳಿದ ಅಜ್ಜಿ ಸಾಯುವ ತನಕ ಆಚೆಮನೆಯ ಕಾವೇರಮ್ಮನ ಹಪ್ಪಳ ತನ್ನ ಹಪ್ಪಳಕ್ಕಿಂತ ಅಗಲ ಅರಳುವುದನ್ನು ಸಹಿಸಲಿಲ್ಲ. "ಅದು ಎಣ್ಣೆಯ ಗುಣ, ಕೈಗುಣ ಅಲ್ಲ," ಎಂದೇ ಅವಳ ವಾದ. ಹಿರಿಯರಿಂದ ನಾನು ಮಾತನ್ನೂ ಕಲಿತೆ, ಮಾತಿಗೆ ಸರಿಯಾಗಿ ನಡೆಯದಿರುವುದನ್ನೂ ಕಲಿತೆ.

ಹೀಗಾಗಿ ಸೋಮವಾರ ಬೆಳಿಗ್ಗೆಯೇ ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಅನ್ವರ್ ಸಾಹೇಬರ ಅಂಗಡಿಯಲ್ಲಿದ್ದೆ. ಅವರು ಇಪ್ಪತ್ತು ವರ್ಷದಿಂದ ಕೊಪ್ಪದ ತಲೆಗಳನ್ನು ನೋಡಿದವರು. ಬಾಗಿಲಲ್ಲಿ ನಿಂತವನ ತಲೆ ನೋಡಿ ಅಳತೆ ಹೇಳಬಲ್ಲರು.

"ಗಾಳಿ ಸದ್ದು ಬರದ ಹೆಲ್ಮೆಟ್ ಬೇಕು ಸಾಹೇಬ್ರೆ."

"ಅಂಥದ್ದು ಇಲ್ಲ ಮಾರಾಯ್ರೆ. ಕಡಿಮೆ ಬರೋದು ಇದೆ."

"ನನ್ನ ಷಡ್ಡಕನದ್ದರಲ್ಲಿ ಬರೋದೇ ಇಲ್ಲವಂತೆ."

ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಓಹೋ. ಹಾಗಾದ್ರೆ ನಿಮಗೆ ಬೇಕಾದ್ದು ಕಿವಿಗಲ್ಲ," ಎಂದರು. ಆದರೂ ಒಳ್ಳೆಯ ವ್ಯಾಪಾರಿ, ಒಳ್ಳೆಯ ಮೇಷ್ಟ್ರು. ಪಾಠ ಶುರು ಮಾಡಿದರು. ಜನ ಗಾಳಿ ಮುಂದಿನಿಂದ ಬರುತ್ತದೆ ಎಂದುಕೊಂಡು ಮುಂದಿನ ಗಾಜನ್ನೇ ನೋಡುತ್ತಾರೆ. ಸದ್ದು ನುಗ್ಗುವುದು ಕೆಳಗಿನಿಂದ, ಕುತ್ತಿಗೆಯ ಸಂದಿನಿಂದ. ಅಲ್ಲಿ ಬಟ್ಟೆಯ ಪಟ್ಟಿ ದಪ್ಪಗಿರಬೇಕು, ಗಲ್ಲದ ಕೆಳಗೂ ಒಂದು ತೆರೆ ಇರಬೇಕು. ಮುಂದಿನ ಗಾಜು ಮುಚ್ಚಿದರೆ ಡಬ್ಬಿಯ ಮುಚ್ಚಳ ಕೂತ ಹಾಗೆ ಕೂರಬೇಕು, ಸುತ್ತಲಿನ ರಬ್ಬರಿನಲ್ಲಿ ಕೂದಲೆಳೆಯ ಸಂದೂ ಇರಬಾರದು. ಮೇಲೆ ಕೊಂಬು, ಬಾಲ, ರೆಕ್ಕೆ ಎಂದು ಅಲಂಕಾರ ಇದ್ದಷ್ಟೂ ಗಾಳಿಗೆ ಹಾಡಲು ಜಾಗ. ಗಾಳಿಕಿಂಡಿಗಳು ಮುಚ್ಚಿ ತೆರೆಯುವಂತಿರಬೇಕು. ಮೈ ಮೊಟ್ಟೆಯಂತೆ ನುಣ್ಣಗಿರಬೇಕು. ಎಲ್ಲಕ್ಕಿಂತ ಮುಖ್ಯ, ತಲೆಗೆ ಸರಿಯಾಗಿ ಹಿಡಿಯಬೇಕು.

"ಹಾಕ್ಕೊಂಡು ತಲೆ ಅಲ್ಲಾಡ್ಸಿ. ತಲೆ ಒಂದು ಕಡೆ, ಹೆಲ್ಮೆಟ್ ಒಂದು ಕಡೆ ಹೋದ್ರೆ ದೊಡ್ಡದಾಯ್ತು. ಕೆನ್ನೆ ಒತ್ತಬೇಕು. ಬಾಯಲ್ಲಿ ಎಲೆಯಡಿಕೆ ಕವಳ ಇಟ್ಕೊಂಡು ಮಾತಾಡಿದ ಹಾಗೆ ಆಗ್ಬೇಕು. ಆದ್ರೆ ಹಣೆ ನೋಯಬಾರ್ದು. ಒಂದು ಕಾಲು ಗಂಟೆ ಹಾಕ್ಕೊಂಡೇ ಕೂತ್ಕೊಳ್ಳಿ. ನಾನು ಚಾ ತರಿಸ್ತೇನೆ."

"ಹೆಲ್ಮೆಟ್ ಹಾಕ್ಕೊಂಡು ಚಾ ಕುಡಿಯೋದು ಹೇಗೆ?"

"ಚಾ ನನಗೆ."

ಪ್ರಭಾಕರನ ಹೆಲ್ಮೆಟ್ಟಿನೊಳಗಿನ ಅಳತೆಯ ಚೀಟಿಯನ್ನು ಭಾನುವಾರವೇ ಕದ್ದು ನೋಡಿದ್ದೆ; ನನ್ನ ತಲೆ ಅವನ ತಲೆಗಿಂತ ಒಂದು ಸೈಜು ದೊಡ್ಡದೆಂದು ತಿಳಿದು ಆ ಬೆಳಿಗ್ಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಆ ಸಂತೋಷವನ್ನು ನಾನೇ ಹಾಳು ಮಾಡಿಕೊಂಡೆ. ಬಿಗಿಯಾದರೆ ಸದ್ದು ಕಡಿಮೆ ಎಂದ ಮೇಲೆ, ಇನ್ನೂ ಬಿಗಿಯಾದರೆ ಇನ್ನೂ ಕಡಿಮೆ ತಾನೆ? ಪ್ರಭಾಕರನದಕ್ಕಿಂತ ಒಂದು ಗುಲಗಂಜಿಯಷ್ಟಾದರೂ ಹೆಚ್ಚು ನಿಶ್ಶಬ್ದ ಬೇಕಿತ್ತು ನನಗೆ. ಸಣ್ಣ ಸೈಜನ್ನೇ ಕೊಡಿ ಎಂದೆ. ಸಾಹೇಬರು ಬೇಡವೆಂದರು. ನಾನು ಬೇಕೆಂದೆ. "ಎರಡು ಉಂಡೆ ಹತ್ತಿ ಕಿವಿಯಲ್ಲಿ ಇಟ್ಕೊಳ್ಳಿ ಮಾರಾಯ್ರೆ, ಹಳೇ ಹೆಲ್ಮೆಟ್ಟೇ ಸಾಕು. ಹಾರ್ನು ಕೇಳುವಷ್ಟು ಸಡಿಲ ಇಟ್ಟರಾಯ್ತು," ಎಂದರು ಕೊನೆಗೆ. ನೀವೇ ಹೇಳಿ, ಕಿವಿಯಲ್ಲಿಟ್ಟ ಹತ್ತಿಯನ್ನು ನೋಡಿ ಯಾವ ಷಡ್ಡಕ ಹೊಟ್ಟೆ ಉರಿದುಕೊಳ್ಳುತ್ತಾನೆ?

ಆ ಹೆಲ್ಮೆಟ್ಟನ್ನು ಹಾಕಿಕೊಳ್ಳುವುದು ಕಷ್ಟ, ತೆಗೆಯುವುದು ಇನ್ನೂ ಕಷ್ಟ. ಕಿವಿಗಳು ಮಡಚಿಕೊಂಡು ಒಳಗೇ ಉಳಿಯುತ್ತೇವೆಂದು ಹಟ ಹಿಡಿಯುತ್ತಿದ್ದವು. ನಾಗವೇಣಿ ಎದುರಿಗೆ ನಿಂತು, ಒಂದು ಕಾಲನ್ನು ಮೆಟ್ಟಿಲಿಗೆ ಕೊಟ್ಟು, ಎರಡೂ ಕೈಯಿಂದ ಎಳೆಯಬೇಕು. ಆದರೆ ಸದ್ದು? ಅರವತ್ತರಲ್ಲೂ ನೀರೊಳಗೆ ಮುಳುಗಿದವನ ಸುಖ. ನಾನು ಗೆದ್ದೆನೆಂದುಕೊಂಡೆ.

ಇಷ್ಟರಲ್ಲಿ ಜಯಪುರದಲ್ಲಿ ನನ್ನ ಹೆಂಡತಿಯ ಅಣ್ಣ ಶಂಕರಣ್ಣನ ಮಗಳ ಮದುವೆ ನಿಶ್ಚಯವಾಯಿತು. ನಮ್ಮ ಕಡೆ ಮದುವೆಗೆ ಕಾಗದ ಅಚ್ಚು ಹಾಕಿಸುವುದು ಪೇಟೆಯವರಿಗಾಗಿ. ನೆಂಟರಿಗೆ ಹೇಳಿಕೆಯೇ ಆಗಬೇಕು. ಹೇಳಿಕೆ ಎಂದರೆ ಬರಿಯ ಬಾಯಿಮಾತಲ್ಲ. ಮನೆಗೆ ಹೋಗಬೇಕು, ಕಾಲು ತೊಳೆದು ಒಳಗೆ ಕೂರಬೇಕು, ಬೆಲ್ಲ ನೀರು ತೆಗೆದುಕೊಳ್ಳಬೇಕು, ಹಸು ಕರು ಹಾಕಿದ್ದು, ಮೊಣಕಾಲು ನೋವು, ಯಾರದೋ ಸೊಸೆಗೆ ಕೆಲಸ ಸಿಕ್ಕಿದ್ದು ಎಲ್ಲ ಮಾತಾಡಬೇಕು. ಆಮೇಲೆ ಎದ್ದು ನಿಂತು ಅಕ್ಷತೆ ಕೊಟ್ಟು, "ಇಂಥ ದಿನ ಮದುವೆ, ಮನೆಮಂದಿಯೆಲ್ಲ ಎರಡು ದಿನ ಮುಂಚೆಯೇ ಬಂದು ಚೆಂದಗಾಣಿಸಿಕೊಡಬೇಕು," ಎನ್ನಬೇಕು. ಇದರಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಹೇಳಿಕೆ ಆಗಿಲ್ಲವೆಂದೇ ಲೆಕ್ಕ.

ಶಂಕರಣ್ಣ ಊರುಗಳನ್ನು ಹಂಚಿದ. ನರಸಿಂಹರಾಜಪುರದ ಕಡೆಯ ಮನೆಗಳು ಪ್ರಭಾಕರನಿಗೆ, ಕೊಪ್ಪದ ಕಡೆಯವು ನನಗೆ. ಶೃಂಗೇರಿಯ ಆಚೆ ಕಿಗ್ಗದಲ್ಲಿ ಒಂದೇ ಮನೆ, ಸೀತತ್ತೆಯದು. ಹಿರಿಯಳಿಯನೆಂದು ಅದನ್ನೂ ನನಗೇ ವಹಿಸಿದ.

ಆ ಒಂದು ಮನೆ ಉಳಿದ ನಲವತ್ತು ಮನೆಗಳಿಗೆ ಸಮ. ಸೀತತ್ತೆ ನನ್ನ ಮಾವನ ತಂಗಿ. ನಾಗವೇಣಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಆಗ ಅವಳನ್ನೂ ಜಯಲಕ್ಷ್ಮಿಯನ್ನೂ ಕಿಗ್ಗಕ್ಕೆ ಕರೆದುಕೊಂಡು ಹೋಗಿ, ನಾಲ್ಕು ವರ್ಷ ಎರಡೆರಡು ಜಡೆ ಹೆಣೆದು ಶಾಲೆಗೆ ಕಳಿಸಿದವಳು ಈ ಅತ್ತೆ. ಕೆಲವು ವರ್ಷದ ಹಿಂದೆ ಶಂಕರಣ್ಣ ಮಗನ ಮುಂಜಿಗೆ ಅವಸರದಲ್ಲಿ ಅವಳಿಗೆ ಫೋನಿನಲ್ಲಿ ಹೇಳಿಬಿಟ್ಟ. ಅವಳು ಬರಲಿಲ್ಲ. ಅಂದಿನಿಂದ ತವರಿನ ಯಾವ ಕಾರ್ಯಕ್ಕೂ ಬಂದಿಲ್ಲ. "ಈ ಸಲ ಸೀತತ್ತೆ ಬಂದು ಚಪ್ಪರದಲ್ಲಿ ಕೂತ್ರೆ ಸಾಕು. ನಂಗೆ ಸೀರೆ ಗೀರೆ ಎಂತದೂ ಬೇಡ," ಎಂದಿದ್ದಳು ನಾಗವೇಣಿ. ಇಬ್ಬರೂ ಕೂಡಿ ಬುಧವಾರ ಹೋಗುವುದೆಂದು ಮಾತಾಗಿತ್ತು.

ಮಂಗಳವಾರ ಬೆಳಿಗ್ಗೆ ಪ್ರಭಾಕರನ ಫೋನು ಬಂತು.

"ಭಾವ, ನಂದು ಹನ್ನೊಂದು ಮನೆ ಆಯ್ತು. ನಿಮ್ಮದು ಎಷ್ಟಾಯ್ತು?"

"ಆಗ್ತಾ ಇದೆ."

"ಕಿಗ್ಗ ದೂರ ಆಗ್ತದೆ ಅಂದ್ರೆ ಹೇಳಿ, ನಾನೇ ಹೋಗಿ ಬರ್ತೇನೆ. ನಂಗೆ ಈ ಹೆಲ್ಮೆಟ್ಟಲ್ಲಿ ದೂರ ಅನ್ನಿಸೋದೇ ಇಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಳ್ಳೆಯ ಮನಸ್ಸಿನವರು ಷಡ್ಡಕರಾಗಬಾರದು, ಅದರಿಂದ ಹೊಟ್ಟೆಕಿಚ್ಚು ಇನ್ನೂ ಹೆಚ್ಚುತ್ತದೆ. ನಾನು ಗಾಜು ತರಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಅಕ್ಷತೆಯ ಪೊಟ್ಟಣ ಜೇಬಿಗಿಟ್ಟುಕೊಂಡು, ಒಬ್ಬನೇ ಕಿಗ್ಗದ ದಾರಿ ಹಿಡಿದೆ. ಅವನು ಹನ್ನೆರಡನೆಯ ಮನೆ ಮುಗಿಸುವುದರೊಳಗೆ "ಕಿಗ್ಗ ಆಯ್ತು" ಎಂದು ಅವನಿಗೆ ಹೇಳಬೇಕಿತ್ತು. ಸೀತತ್ತೆಗೆ ಹೇಳುವುದು ಆ ಅವಸರದಲ್ಲಿ ಎರಡನೆಯದಾಯಿತು.

ಸೀತತ್ತೆ ಅಂಗಳದಲ್ಲಿ ಬಾಳಕದ ಮೆಣಸು ಒಣಗಿಸುತ್ತಿದ್ದಳು. ನಾನು ಬೈಕಿನಿಂದ ಇಳಿದು ಹೆಲ್ಮೆಟ್ಟಿಗೆ ಕೈ ಹಾಕಿದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಎಡಗಿವಿ ಒಳಗಿನಿಂದ ಅಯ್ಯೋ ಎಂದಿತು. ಎಳೆಯಲು ನಾಗವೇಣಿ ಇರಲಿಲ್ಲ. ಅತ್ತೆಯ ಹತ್ತಿರ ಎಳೆಸಿಕೊಳ್ಳುವುದು ಹೇಗೆ? ಮುಂದಿನ ಗಾಜನ್ನು ಮೇಲೆತ್ತಿದೆ.

"ಯಾರದು?"

"ನಾನು ಅತ್ತೆ, ಕೊಪ್ಪದವ. ನಾಗವೇಣಿ ಗಂಡ."

"ನಾಗವೇಣಿ ಗಂಡಂಗೆ ಮೂಗು ಮಾತ್ರವಾ ಇರೋದು?"

ನಾನು ನಕ್ಕೆ. ಹೆಲ್ಮೆಟ್ಟಿನೊಳಗಿನ ನಗು ಹೊರಗಿನವರಿಗೆ ಕಾಣುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಕವಳ ತುಂಬಿದ ಬಾಯಿಯವನಂತೆ ಇಂಥ ದಿನ ಮದುವೆ ಎಂದೆ, ಬಂದು ಚೆಂದಗಾಣಿಸಿಕೊಡಬೇಕು ಎಂದೆ, ಅಕ್ಷತೆ ಕೊಟ್ಟೆ. ಅವಳು ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲವನ್ನೂ ತಂಬಿಗೆಯಲ್ಲಿ ನೀರನ್ನೂ ತಂದಳು. ಗಲ್ಲದ ಮುಂದೆ ಪ್ಲಾಸ್ಟಿಕ್ಕಿನ ಗೋಡೆ ಇಟ್ಟುಕೊಂಡವನು ನೀರು ಕುಡಿಯುವುದೆಲ್ಲಿಂದ? "ಈಗ ಬೇಡ ಅತ್ತೆ, ಅವಸರ ಇದೆ," ಎಂದೆ. ಅವಳು ಸಿಟ್ಟಾಗಲಿಲ್ಲ. "ಸರಿ," ಎಂದಳು, ಅಷ್ಟೇ. ಐದು ನಿಮಿಷದಲ್ಲಿ ನಾನು ಗೇಟಿನ ಹೊರಗಿದ್ದೆ.

ಸಂಜೆ ಶಂಕರಣ್ಣನ ಫೋನು ಬಂದಾಗ ನಾಗವೇಣಿ ಚಪಾತಿ ಲಟ್ಟಿಸುತ್ತಿದ್ದಳು. ಕೈ ಹಿಟ್ಟಾಗಿದೆಯೆಂದು ಸ್ಪೀಕರಿಗೆ ಹಾಕಿದಳು. ಅತ್ತೆಯನ್ನು ಕರೆತರುವ ವ್ಯವಸ್ಥೆ ಕೇಳಲೆಂದು ಶಂಕರಣ್ಣ ಕಿಗ್ಗಕ್ಕೆ ಫೋನು ಮಾಡಿದ್ದನಂತೆ. ಅತ್ತೆ ಹೇಳಿದ ಮಾತನ್ನು ಅವನು ಹಾಗೆಯೇ ಒಪ್ಪಿಸಿದ: "ಇಲ್ಲಿಗೆ ಒಂದು ಟೊಪ್ಪಿ ಬಂದು ಹೋಯ್ತು. ಅಳಿಯ ಬರ್ಲಿಲ್ಲ. ಹೇಳಿಕೆ ಆಗದ ಮನೆಗೆ ನಾ ಎಂತಕ್ಕೆ ಬರ್ಲಿ?"

ನಾನು ವಾದಿಸಿ ನೋಡಿದೆ. ನಮ್ಮ ಹಿರಿಯರು ತಲೆ ಮುಚ್ಚಿಕೊಂಡೇ ಹೇಳಿಕೆಗೆ ಹೋಗುತ್ತಿದ್ದರು. ನನ್ನ ಅಜ್ಜ ಮುಂಡಾಸು ಸುತ್ತದೆ ಹೊಸಿಲು ದಾಟಿದವನಲ್ಲ; ಬರಿತಲೆಯಲ್ಲಿ ಹೋದರೆ ಯಾರೋ ಸತ್ತ ಸುದ್ದಿ ತಂದವನೆಂದುಕೊಳ್ಳುತ್ತಾರೆ ಎನ್ನುತ್ತಿದ್ದ. ತೋಟಕ್ಕೆ ಹಾಳೆಟೊಪ್ಪಿ, ಮಳೆಗೆ ಕಂಬಳಿಕೊಪ್ಪೆ, ಹೇಳಿಕೆಗೆ ಮುಂಡಾಸು. ಅವುಗಳಲ್ಲಿ ಯಾವುದಕ್ಕೂ ಗಾಳಿ ಸದ್ದಿನ ಕಾಟವೂ ಇರಲಿಲ್ಲ, ಏಕೆಂದರೆ ಅವನ್ನು ತೊಟ್ಟವರು ಯಾರೂ ಅರವತ್ತರಲ್ಲಿ ನಡೆಯುತ್ತಿರಲಿಲ್ಲ. ಹೀಗಿರುವಾಗ ತಲೆ ಮುಚ್ಚಿದ್ದರಲ್ಲಿ ತಪ್ಪೇನು?

"ಮುಂಡಾಸು ಕಟ್ಟಿದವರಿಗೆ ಬಾಯಿ ಕಾಣ್ತದೆ," ಎಂದಳು ನಾಗವೇಣಿ. "ನೀರೂ ಕುಡೀಬಹುದು. ನನ್ನ ಬಿಟ್ಟು ಯಾಕೆ ಹೋದ್ರಿ?"

ಅದಕ್ಕಿದ್ದ ಉತ್ತರ ಬಾಯಿಬಿಟ್ಟು ಹೇಳುವಂಥದ್ದಲ್ಲ. ಆಮೇಲೆ ಎರಡು ದಿನ ಅವಳು ಮಾತಾಡಲಿಲ್ಲ. ಸದ್ದು ಬೇಡವೆಂದು ಅಷ್ಟು ಬಿಗಿಯಾದ ಹೆಲ್ಮೆಟ್ಟು ತಂದವನಿಗೆ ಮನೆಯೊಳಗಿನ ಆ ನಿಶ್ಶಬ್ದ ತಡೆಯಲಾಗಲಿಲ್ಲ. ಪಾತ್ರೆಗಳು ಕೂಡ ಮೆಲ್ಲಗೆ ಕೂರುತ್ತಿದ್ದವು. ಅದೇ ಹೆದರಿಕೆ.

ಮೂರನೆಯ ದಿನ ಅವಳೇ ನನ್ನನ್ನು ಅನ್ವರ್ ಸಾಹೇಬರ ಮುಂದೆ ನಿಲ್ಲಿಸಿದಳು. ಸಾಹೇಬರು ಏನೂ ಕೇಳದೆ, ಮೊದಲ ದಿನ ಬದಿಗಿಟ್ಟಿದ್ದ ಸರಿಯಾದ ಅಳತೆಯ ಹೆಲ್ಮೆಟ್ಟನ್ನು ಕೆಳಗಿಳಿಸಿದರು. ಹಾಕಿಕೊಂಡೆ, ಕೆನ್ನೆ ಒತ್ತಿತು. ತೆಗೆದೆ, ಕಿವಿಗಳು ನನ್ನ ಜೊತೆಗೇ ಬಂದವು.

"ಸದ್ದು ಸ್ವಲ್ಪ ಬರಬಹುದು ಅಕ್ಕಾ," ಎಂದರು ಸಾಹೇಬರು ನಾಗವೇಣಿಗೆ. "ಬಂದ್ರೆ ಆಕ್ಸಿಲೇಟರ್ ಕಡಿಮೆ ಮಾಡಕ್ಕೆ ಹೇಳಿ. ಅದಕ್ಕಿಂತ ಒಳ್ಳೆ ಹೆಲ್ಮೆಟ್ ಯಾವ ಕಂಪನಿಯೂ ಮಾಡಿಲ್ಲ."

ಅಲ್ಲಿಂದ ನೇರ ಕಿಗ್ಗಕ್ಕೆ. ಸಾಹೇಬರ ಮಾತಿನಂತೆ ನಲವತ್ತರಲ್ಲೇ ಹೋದೆ. ಒಳಗೆ ಸಣ್ಣಗೆ ಗಾಳಿ ಸುಳಿಯುತ್ತಿತ್ತು, ಅಷ್ಟೇ. ಆ ಶಾಂತಿಯಲ್ಲಿ ಯಾರೋ ಮಾತಾಡುತ್ತಿರುವುದು ಕೇಳಿತು. "ಹನ್ನೊಂದು ಮನೆಯಂತೆ, ಹನ್ನೊಂದು! ಬೀಗ ಹಾಕಿದ ಮನೆಗಳನ್ನೂ ಸೇರಿಸಿರ್ತಾನೆ." ಯಾರು ಈ ಸಣ್ಣಬುದ್ಧಿಯವನು ಎಂದು ನೋಡಿದರೆ, ನಾನೇ. ಬಾಯಿ ತಾನಾಗಿ ಗೊಣಗುತ್ತಿತ್ತು.

"ನಾನು ಈಗ ಏನಾದ್ರೂ ಅಂದ್ನಾ?" ಎಂದು ಹಿಂದಕ್ಕೆ ಕೇಳಿದೆ.

"ಇವತ್ತು ಮಾತ್ರವಾ? ಗಾಡಿ ಹತ್ತಿದ ಕೂಡ್ಲೇ ಶುರು ಮಾಡ್ತೀರಿ," ಎಂದಳು ನಾಗವೇಣಿ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವಳ ದನಿ ಗಾಡಿಯ ಮೇಲೆ ನನಗೆ ಸ್ಪಷ್ಟವಾಗಿ ಕೇಳಿತು. "ನಿಮ್ಮ ಕಿವೀಲಿ ಗಾಳಿ ಇತ್ತಲ್ಲ, ಅದಕ್ಕೇ ಗಟ್ಟಿಯಾಗಿ ಗೊಣಗ್ತಿದ್ರಿ. ಪ್ರಭಾಕರ ಸೈಟು ತಗೊಂಡದ್ದು, ಪ್ರಭಾಕರಂಗೆ ನಮ್ಮಣ್ಣ ಮಲ್ಲು ಪಂಚೆ ಕೊಟ್ಟದ್ದು, ಪ್ರಭಾಕರನ ತಲೆಕೂದ್ಲು, ಎಲ್ಲಾ ಕೇಳಿದೀನಿ. ಉತ್ರನೂ ಕೊಟ್ಟಿದೀನಿ. ನಿಮಗೆ ಕೇಳ್ತಿರ್ಲಿಲ್ಲ, ಹೌದೌದು ಅಂತಿದ್ರಿ."

ಯಾರಿಗೂ ಗೊತ್ತಿಲ್ಲವೆಂದು ನಾನು ಒಳಗೆ ಬಚ್ಚಿಟ್ಟುಕೊಂಡಿದ್ದ ಸರಕನ್ನು ಇಷ್ಟು ವರ್ಷ ಮೂರು ತಾಲ್ಲೂಕಿನ ರಸ್ತೆಗಳಲ್ಲಿ ಕೂಗಿಕೊಂಡು ಹೋಗಿದ್ದೆ. ತಡೆಯಬೇಕಾದ ಗಾಳಿ ಯಾವ ಕಡೆಯಿಂದ ಹೊರಡುತ್ತದೆ ಎಂಬ ಪಾಠ ಸಾಹೇಬರ ಪಟ್ಟಿಯಲ್ಲಿರಲಿಲ್ಲ.

ಈ ಸಲ ಗೇಟಿನಲ್ಲಿಯೇ ಹೆಲ್ಮೆಟ್ಟು ತೆಗೆದೆ. ಕಾಲು ತೊಳೆದೆ. ಸೀತತ್ತೆ ನಾಗವೇಣಿಯ ತಲೆ ಸವರಿ, ನನ್ನ ತಲೆಯನ್ನು ಒಂದು ಸುತ್ತು ನೋಡಿ, "ಈಗ ಮನುಷ್ಯರ ಹಾಗೆ ಕಾಣ್ತೀಯ," ಎಂದಳು. ಬೆಲ್ಲ ತಿಂದೆ. ಒಂದಕ್ಕೆ ಮೂರು ಲೋಟ ನೀರು ಕುಡಿದೆ. ಮದುವೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತುವಂತಿರಲಿಲ್ಲ. ಹಸುವಿನ ವಿಷಯವಾಯಿತು, ಮೊಣಕಾಲಿನ ವಿಷಯವಾಯಿತು. ಕೊನೆಗೆ ಎದ್ದು ನಿಂತು ಅಕ್ಷತೆ ಹಿಡಿದೆ. ಬಾಯಿಗೆ ಬರಬೇಕಾದ ಮಾತು ಬರಲಿಲ್ಲ. ಬೇರೆಯದೇ ಬಂತು.

"ಅತ್ತೆ, ನಾನು ಅವತ್ತು ಬಂದದ್ದು ನಿಮ್ಮನ್ನ ಕರೆಯೋಕಲ್ಲ. ಪ್ರಭಾಕರನ್ನ ಸೋಲಿಸೋಕೆ."

ನಾಗವೇಣಿ ನೆಲ ನೋಡಿದಳು. ಸೀತತ್ತೆ ಕೇಳಿದಳು:

"ಸೋತ್ನಾ?"

"ಇಲ್ಲ."

"ಸೋಲಿಸ್ತಿರೋದು ಅವನಿಗೆ ಗೊತ್ತಿತ್ತಾ?"

"ಅದೂ ಇಲ್ಲ."

ಅವಳು ನಕ್ಕಳು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. "ನಮ್ಮ ಕಾಲದಲ್ಲಿ ಓರಗಿತ್ತಿಯರು ಇದನ್ನ ಒಲೆ ಮುಂದೆ ಕೂತು ಮಾಡ್ತಿದ್ರು ಮಾರಾಯ. ನೀವು ಪೆಟ್ರೋಲ್ ಸುಟ್ಟು ಮಾಡ್ತೀರಿ," ಎಂದು ಕೈ ಚಾಚಿ ಅಕ್ಷತೆ ತೆಗೆದುಕೊಂಡಳು. "ಬತ್ತೆ. ಆದ್ರೆ ಕಾರು ಬೇಡ, ತಿರುವಿನ ದಾರೀಲಿ ನಂಗೆ ವಾಂತಿ. ಬೈಕಲ್ಲೇ ಬತ್ತೆ, ಮುಖಕ್ಕೆ ಗಾಳಿ ಆಡ್ಬೇಕು."

"ನಾನೇ ಬಂದು ಕರ್ಕೊಂಡು ಹೋಗ್ತೀನಿ ಅತ್ತೆ," ಎಂದೆ ಉಬ್ಬಿಹೋಗಿ.

"ನಿಂದು ಬೇಡ. ಸಣ್ಣ ಅಳಿಯನ ಗಾಡಿ ಸೀಟು ಅಗಲ ಅಂತೆ. ಅವನ ಹಿಂದೆ ಕೂರ್ತೆ. ನೀನು ನನ್ನ ಚೀಲ ತಗೊಂಡು ಬಾ."

ಮದುವೆಗೆ ಎರಡು ದಿನ ಮುಂಚೆ ನಮ್ಮ ಮೆರವಣಿಗೆ ಕಿಗ್ಗದಿಂದ ಹೊರಟಿತು. ಮುಂದೆ ಪ್ರಭಾಕರ, ಅವನ ಹಿಂದೆ ಒಂದು ಕಡೆಗೆ ಕಾಲಿಳಿಬಿಟ್ಟು ಕೂತ ಸೀತತ್ತೆ, ತಲೆಯ ಮೇಲೆ ಜಯಲಕ್ಷ್ಮಿಯ ಕೆಂಪು ಹೆಲ್ಮೆಟ್ಟು. ಹಿಂದೆ ನಾನು ಮತ್ತು ನಾಗವೇಣಿ, ನಡುವೆ ಅತ್ತೆಯ ಚೀಲ, ಅದರಲ್ಲಿ ಬಾಳಕದ ಮೆಣಸು. ಪ್ರಭಾಕರ ಇಪ್ಪತ್ತೈದು ದಾಟಲಿಲ್ಲ. ಅತ್ತೆಯ ಕೆಂಪು ಹೆಲ್ಮೆಟ್ಟು ಅವನ ಕರಿಯ ಹೆಲ್ಮೆಟ್ಟಿನ ಕಡೆಗೆ ಬಾಗುತ್ತಿತ್ತು, ಏಳುತ್ತಿತ್ತು. ಎಷ್ಟು ಮಾತು, ಎಂಥ ಆಪ್ತ ಮಾತು! ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿತು. ಹೇಳಿಕೆ ಮಾಡಿದವನು ನಾನು, ಮೂರು ಲೋಟ ನೀರು ಕುಡಿದವನು ನಾನು, ತಪ್ಪೊಪ್ಪಿಕೊಂಡವನೂ ನಾನು. ಅತ್ತೆ ಮಾತ್ರ ಅವನ ಸೀಟಿನ ಮೇಲೆ.

"ನಂಗೆ ಹೊಟ್ಟೆಕಿಚ್ಚಾಗ್ತಿದೆ ಮಾರಾಯ್ತಿ," ಎಂದೆ. ಗೊಣಗಲಿಲ್ಲ, ಅವಳಿಗೇ ಹೇಳಿದೆ.

"ಗೊತ್ತು. ದಾರಿ ನೋಡ್ಕೊಂಡು ಓಡ್ಸಿ."

"ಏನು ಮಾತಾಡ್ತಿರಬಹುದು ಅವರಿಬ್ಬರು?"

ನಾಗವೇಣಿ ಸೀತತ್ತೆಯ ದನಿಯಲ್ಲಿ ಶುರು ಮಾಡಿದಳು: "ಮಾಣಿ, ನಂಗೆ ಮೊಣಕಾಲು ನೋವು, ಎಂತ ಮಾಡ್ಲಿ?"

ನನಗೆ ಇಷ್ಟು ಸಾಕಿತ್ತು. ಪ್ರಭಾಕರನ ಮೆಲುದನಿ ತಂದುಕೊಂಡೆ. "ಟರ್ಮಿನಲ್ ಲೂಸಾಗಿರ್ಬೇಕು ಅತ್ತೆ. ಬಿಸಿನೀರು ಹಾಕಿ ತೊಳೆದು, ಟೈಟ್ ಮಾಡಿ, ಮೇಲೆ ಗ್ರೀಸ್ ಹಚ್ಚಿ."

"ರಾತ್ರಿ ನಿದ್ರೆನೂ ಬರೋದಿಲ್ಲ ಮಾಣಿ."

"ಓವರ್‌ಚಾರ್ಜ್ ಆಗ್ತಿದೆ. ಮಧ್ಯಾಹ್ನ ಮಲಗೋದು ನಿಲ್ಲಿಸಿ."

"ಕಿವಿ ಸಮಾ ಕೇಳೋದಿಲ್ಲ."

"ಅದು ವಾರಂಟಿಯಲ್ಲಿ ಬರೋದಿಲ್ಲ ಅತ್ತೆ."

ನಾಗವೇಣಿ ನಗುತ್ತಾ ನನ್ನ ಬೆನ್ನಿಗೆ ಹಣೆ ಬಡಿದುಕೊಂಡಳು. ಮುಂದಿನ ತಿರುವಿನಲ್ಲಿ ಅತ್ತೆ ಪ್ರಭಾಕರನಿಗೆ ಕಷಾಯ ಮಾಡುವುದು ಹೇಳಿಕೊಟ್ಟಳು. ಅವನು ಅದಕ್ಕೆ ಡಿಸ್ಟಿಲ್ಡ್ ವಾಟರೇ ಆಗಬೇಕೆಂದ. ಜಯಪುರ ಬರುವ ತನಕ ಅವರಿಬ್ಬರ ಮಾತನ್ನು ನಾವಿಬ್ಬರೇ ಆಡಿದೆವು. ಒಂದೆರಡು ಕಡೆ ನಗು ತಡೆಯಲಾಗದೆ ನಾನು ಬೈಕು ನಿಲ್ಲಿಸಬೇಕಾಯಿತು. ಮುಂದಿನ ಬೈಕೂ ನಿಂತು, ಎರಡು ಹೆಲ್ಮೆಟ್ಟುಗಳು ನಮ್ಮ ಕಡೆ ತಿರುಗಿ ನೋಡಿದವು.

ಚಪ್ಪರದ ಮುಂದೆ ಇಳಿದ ಸೀತತ್ತೆ ಕೆಂಪು ಹೆಲ್ಮೆಟ್ಟು ತೆಗೆದವಳೇ ನಮ್ಮ ಹತ್ತಿರ ಬಂದಳು.

"ನೀವಿಬ್ರೂ ಎಂತ ಅಷ್ಟು ನಗಾಡ್ತಾ ಬಂದದ್ದು? ನಾನು ದಾರಿ ಉದ್ದಕ್ಕೂ 'ಎಂತ ಮಾತಾಡ್ತಿದಾರೆ ಮಾಣಿ, ಎಂತ ಮಾತಾಡ್ತಿದಾರೆ' ಅಂತ ಬಗ್ಗಿ ಬಗ್ಗಿ ಕೇಳಿದ್ದೇ ಬಂತು. ಇವನು ನಾ ಬಿದ್ದೋಗ್ತೆ ಅಂತ ಹೆದರಿ ಒಂದು ಮಾತೂ ಆಡ್ಲಿಲ್ಲ. ಹೋಗುವಾಗ ನಿನ್ನ ಗಾಡೀಲೇ ಬತ್ತೆ."

ಹೇಳಿ, ನಾಗವೇಣಿಯ ಹೆಗಲ ಮೇಲೆ ಕೈಯಿಟ್ಟು ಚಪ್ಪರದೊಳಗೆ ನಡೆದಳು. ಅವರಿಬ್ಬರೂ ಒಟ್ಟಿಗೆ ಚಾಪೆಯ ಮೇಲೆ ಕೂರುವುದನ್ನು ನಾನು ಹೊರಗಿನಿಂದ ನೋಡಿದೆ. ಆ ನೋಟದ ಮುಂದೆ ಹೆಲ್ಮೆಟ್ಟು, ಸೀಟು, ಹನ್ನೊಂದು ಮನೆ ಎಲ್ಲ ಸಣ್ಣವಾಗಿ ಕಂಡವು. ಪೂರ್ತಿ ಮಾಯವಾದವು ಎಂದರೆ ಸುಳ್ಳಾದೀತು.

ಪಕ್ಕದಲ್ಲಿ ಪ್ರಭಾಕರ ತನ್ನ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಮುಖ ಸ್ವಲ್ಪ ಬಾಡಿತ್ತು. ಮೆಲ್ಲಗೆ ಕೇಳಿದ:

"ಏನು ಭಾವ ಅದು, ಅಷ್ಟು ನಗುವಂಥದ್ದು? ನಂಗೂ ಹೇಳಿ."

ಅವನ ಕಣ್ಣಿನಲ್ಲಿ ಇದ್ದದ್ದನ್ನು ನಾನು ತಕ್ಷಣ ಗುರುತಿಸಿದೆ. ಅಷ್ಟು ವರ್ಷ ಸಾಕಿದವನು ನಾನಲ್ಲವೆ? ಅದು ಇನ್ನೊಬ್ಬರ ಮುಖದಲ್ಲಿ ಎಷ್ಟು ಬಡಪಾಯಿಯಾಗಿ ಕಾಣುತ್ತದೆ ಎಂದು ಅವತ್ತೇ ತಿಳಿದದ್ದು. ಅಯ್ಯೋ ಅನ್ನಿಸಿತು. ಅವನ ಹೆಗಲ ಮೇಲೆ ಕೈ ಹಾಕಿ ಕಾಫಿಗೆ ಕರೆದುಕೊಂಡು ಹೋದೆ, ಮೊದಲ ಲೋಟವನ್ನು ಅವನಿಗೇ ಕೊಟ್ಟೆ. ಆದರೆ ಏನು ಮಾತಾಡಿದೆವೆಂದು ಮಾತ್ರ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಮನುಷ್ಯ ಒಂದೇ ಮದುವೆಯಲ್ಲಿ ಎಷ್ಟು ಅಂತ ಸುಧಾರಿಸಬಲ್ಲ?